ಯಾರ ಎಡಕ್ಕೆ ತಿರುಗಬೇಕು

ಪಾರ್ಕಿಗೆಂದು ಭಾವ, ಭಾಮೈದ ಸೇರಿ ಕಟ್ಟುತ್ತಿದ್ದ ಆಟದ ಯಂತ್ರ ನೋಡಲು ಸರಳ. ಅಂಗಳದಷ್ಟು ಅಗಲದ ಕಬ್ಬಿಣದ ತಟ್ಟೆ, ಅದರ ಅಂಚಿಗೆ ಜನ ಕೂರುವ ಬಟ್ಟಲುಗಳು. ತಟ್ಟೆಯೂ ತಿರುಗಬೇಕು, ಅದರ ಮೇಲೆ ಬಟ್ಟಲುಗಳೂ ತಿರುಗಬೇಕು. ತಟ್ಟೆ ಬಲಕ್ಕೆ ಹೋದರೆ ಬಟ್ಟಲು ಎಡಕ್ಕೆ. ಆಗ ಒಂದರ ಸುತ್ತು ಇನ್ನೊಂದರಲ್ಲಿ ಕಳೆದು, ಕೂತವರಿಗೆ ಜೋಕಾಲಿಯಷ್ಟು ಹಿತ. ಎರಡೂ ಒಂದೇ ಕಡೆ ಹೊರಟವೋ, ಒಂದರ ಸುತ್ತಿಗೆ ಇನ್ನೊಂದರ ಸುತ್ತು ಕೂಡಿ, ಕೂತವರ ಗತಿ ದೇವರಿಗೇ ಪ್ರೀತಿ.

ಭಾವ ತಟ್ಟೆಯ ಮೇಲೆ ನಿಂತು ಕೆಲಸ ಹೇಳುವವನು. ಭಾಮೈದ ಅದರ ಕೆಳಗೆ ಅಂಗಾತ ಮಲಗಿ, ಮುಖದ ಮೇಲೆ ಗ್ರೀಸು ಬೀಳಿಸಿಕೊಂಡು ಮೋಟರು ಕೂರಿಸುವವನು. ಮೇಲೆ ನಿಂತವನಿಗೆ ಎಡಕ್ಕೆ ತಿರುಗಿದ್ದು ಕೆಳಗೆ ಮಲಗಿದವನಿಗೆ ಬಲಕ್ಕೆ ಕಾಣುತ್ತದೆ. ಅದಕ್ಕೇ ಅವನು ಕೇಳಿದ.

"ಭಾವ, ಬಟ್ಟಲು ಎಡಕ್ಕೆ ಅಂದ್ರಲ್ಲ, ನಿಮ್ಮ ಎಡಕ್ಕೋ, ನನ್ನ ಎಡಕ್ಕೋ?"

"ಎಡದಲ್ಲೂ ನಿಂದು ನಂದು ಅಂತ ಪಾಲು ಬೇಕೇನೋ? ನಿನ್ನ ಎಡಕ್ಕೇ ಇಡು ಮಾರಾಯ, ಬೇಗ ಮುಗಿಸು."

ಕಾಫಿ ತಂದಿದ್ದ ಅಕ್ಕ ನಕ್ಕಳು. "ಚಿಕ್ಕೋನಿದ್ದಾಗ ಚಪ್ಪಲಿನೂ ಹೀಗೇ ಕೇಳಿ ಕೇಳಿ ಹಾಕ್ಕೊಳ್ತಿದ್ದ."

ಕೆಳಗಿದ್ದವನೂ ನಕ್ಕ. ಯಂತ್ರಕ್ಕೆ ಇನ್ನೂ ಕರೆಂಟು ಕೊಟ್ಟಿರಲಿಲ್ಲ. ಷೆಡ್ಡಿನಲ್ಲಿ ಆ ನಗು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಪಾರ್ಕಿನ ಯಜಮಾನರು ನೋಡಲು ಬಂದಾಗ ಭಾಮೈದ ಬಟ್ಟಲಲ್ಲಿ ಜನರ ಬದಲು ಇಟ್ಟು ನೋಡಲು ಮರಳಿನ ಮೂಟೆ ಹೊತ್ತು ತಂದ. ಭಾವ ತಡೆದ.

"ಮೂಟೆ ಬಾಯಿ ಬಿಟ್ಟು ಚೆನ್ನಾಗಿದೆ ಅನ್ನುತ್ತೇನೋ? ನನ್ನ ಹೆಂಡ್ತಿನೇ ಕೂರ್ತಾಳೆ. ಸಾರ್, ಇದಕ್ಕಿಂತ ಗ್ಯಾರಂಟಿ ಬೇಕಾ?"

ಅಕ್ಕ ನಾಚಿಕೊಂಡೇ ಹತ್ತಿ ಕೂತಳು. ತಟ್ಟೆ ಚೆಂದವಾಗಿಯೇ ಹೊರಟಿತು. ಭಾವ ಬಟ್ಟಲಿನ ಸ್ವಿಚ್ಚು ಒತ್ತಿದ. ಬಟ್ಟಲೂ ತಟ್ಟೆ ಹೋದ ಕಡೆಗೇ ಸುತ್ತಿತು. ಭಾಮೈದ ಓಡಿ ಕರೆಂಟು ತೆಗೆಯುವಷ್ಟರಲ್ಲಿ ಅಕ್ಕನ ತೋಳು ಕಂಬಿಗೆ ಸಿಕ್ಕಿ ಮುರಿದಿತ್ತು.

ಅವಳು ತೋಳಿಗೆ ಪಟ್ಟಿ ಹಾಕಿಸಿಕೊಂಡು ಬಂದ ಮೇಲೆ ಯಜಮಾನರು ಮತ್ತೆ ಷೆಡ್ಡಿಗೆ ಬಂದರು. "ಇದು ಯಾರ ತಪ್ಪು ಹೇಳಿ. ಅವರ ಕೈ ಇನ್ನು ಈ ಯಂತ್ರಕ್ಕೆ ತಾಗಬಾರದು. ಇಲ್ಲಾಂದ್ರೆ ಕೆಲಸ ಬೇರೆಯವರಿಗೆ ಕೊಡ್ತೀನಿ."

"ಮೋಟರು ಕೂರಿಸಿದ್ದು ಇವನು," ಅಂದ ಭಾವ. "ನಾನು ಹೇಳಿದ್ದೇ ಒಂದು, ಇವನು ಮಾಡಿದ್ದೇ ಒಂದು."

ಭಾಮೈದ ಅಕ್ಕನ ಕಡೆ ತಿರುಗಿದ. "ನೀನು ಇಲ್ಲೇ ಇದ್ದೆಯಲ್ಲಕ್ಕ. 'ನಿನ್ನ ಎಡಕ್ಕೇ ಇಡು' ಅಂತ ಭಾವ ನನಗೆ ಅಂದಿದ್ದು ಕೇಳಿದೆಯಲ್ಲ?"

ಅಕ್ಕ ಪಟ್ಟಿಯ ಅಂಚು ಸರಿಮಾಡಿಕೊಂಡಳು. "ಯಂತ್ರದ ಗದ್ದಲದಲ್ಲಿ ನನಗೇನೂ ಕೇಳಿಸ್ಲಿಲ್ಲಪ್ಪ."

"ಮೋಟರಿಗೆ ಬರೋ ಎರಡು ವೈರು ಅದಲುಬದಲು ಮಾಡಿ ಭಾವ, ಸಾಕು," ಎಂದು ಹೇಳಿ ಭಾಮೈದ ತನ್ನ ಚೀಲ ತುಂಬಿಕೊಳ್ಳತೊಡಗಿದ.

ಭಾವ ಮೊದಲ ಸಲ ತಟ್ಟೆಯ ಕೆಳಗೆ ನುಸುಳಿ ವೈರು ಬದಲಿಸಿದ. ಬಟ್ಟಲು ಮೆತ್ತಗೆ, ತಟ್ಟೆಗೆ ಎದುರಾಗಿ ತಿರುಗಿತು. "ನೋಡಿದ್ರಾ ಸಾರ್? ಕೈ ಬದಲಾದ್ರೆ ಎಲ್ಲಾ ಸರಿ." ಯಜಮಾನರು ತಲೆಯಾಡಿಸಿದರು.

ಚೀಲ ಹೊತ್ತು ಹೊರಟ ತಮ್ಮನ ಹಿಂದೆ ಅಕ್ಕ ಗೇಟಿನವರೆಗೆ ಬಂದಳು.

"ಸಿಟ್ಟೇನೋ?"

"ಇಲ್ಲ."

"ನಿನಗೆ ಎಲ್ಲಿ ಹೋದ್ರೂ ಕೆಲಸ ಸಿಗುತ್ತೆ. ನಾನು ಎಲ್ಲಿಗೆ ಹೋಗ್ಲಿ, ನೀನೇ ಹೇಳು."

ಅವಳು ಹೇಳಿದ್ದು ನಿಜ. ಸುಳ್ಳಿಗಿಂತ ಅದೇ ಅವನಿಗೆ ಹೆಚ್ಚು ಉರಿಯಿತು.

ಒಳಗಿನಿಂದ ಭಾವನ ದನಿ ಬಂತು. "ಲೇ, ದೊಡ್ಡ ಸ್ಪ್ಯಾನರ್ ಷೆಡ್ಡಿಂದು. ಇಟ್ಟು ಹೋಗೋಕೆ ಹೇಳೇ ಅವನಿಗೆ."

ಷೆಡ್ಡು ಏಳುವುದಕ್ಕೆ ಮೊದಲಿನಿಂದಲೂ ಅದು ಭಾಮೈದನದೇ. ಅಕ್ಕನಿಗೂ ಗೊತ್ತು. ಅವನು ಸ್ಪ್ಯಾನರನ್ನು ಚೀಲದಿಂದ ತೆಗೆದು, ಅವಳು ಏನನ್ನುತ್ತಾಳೋ ಎಂದು ಸ್ವಲ್ಪ ಹೊತ್ತು ಹಿಡಿದು ನಿಂತ.

ಅಕ್ಕ ಮುರಿಯದ ಕೈ ಚಾಚಿ ಅದನ್ನು ಇಸಿದುಕೊಂಡಳು. ಭಾರಕ್ಕೆ ಒಂದು ಕಡೆ ವಾಲಿಕೊಂಡು ಒಳಗೆ ಹೋದಳು.