ಭಾವನ ಧಾಟಿ

ಮನೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಟೇಪು ಎಂದೇ. ಯಾರ ದನಿ ಒಮ್ಮೆ ಕಿವಿಗೆ ಬಿದ್ದರೂ ಸಾಕು, ಸುತ್ತಿ ಒಳಗಿಟ್ಟುಕೊಂಡುಬಿಡುತ್ತಿದ್ದ. ಜಾಹೀರಾತಿನಲ್ಲಿ ಟೂತ್‌ಪೇಸ್ಟಿಗೂ ಟೈರಿಗೂ ದನಿ ಕೊಟ್ಟು ಹೊಟ್ಟೆ ಹೊರೆಯುತ್ತಿದ್ದ. ಆದರೆ ಅವನ ಕೈಚಳಕ, ಅಲ್ಲ, ಬಾಯಿಚಳಕ ನೋಡಬೇಕಾದರೆ ಅವನು ತನ್ನ ಭಾವನಾಗಿ ಮಾತಾಡುವುದನ್ನು ಕೇಳಬೇಕು.

ಅಕ್ಕನ ಗಂಡ ಸೇತುವೆ ಎಂಜಿನಿಯರ್. ಮಾತಿಗೆ ಮುಂಚೆ ಒಂದು ಒಣ ಕೆಮ್ಮು, ಆಮೇಲೆ "ಏನಪ್ಪಾ ಅಂದ್ರೆ", ಜೋಕು ಬರುವ ಮೊದಲೇ ಮೂಗಿನಲ್ಲೊಂದು ನಗು. ಊಟದ ಮೇಜಿನಲ್ಲಿ ಟೇಪು ಇದನ್ನು ಶುರು ಹಚ್ಚಿಕೊಂಡರೆ ಅಕ್ಕ ತಟ್ಟೆ ಪಕ್ಕಕ್ಕೆ ಸರಿಸಿ ನಗುತ್ತಿದ್ದಳು. "ಸಾಕು ನಿಲ್ಸೋ. ಒಬ್ರನ್ನ ಸಂಭಾಳಿಸೋದ್ರಲ್ಲೇ ನನ್ನ ಹೆಣ ಬಿದ್ದಿದೆ."

ನಿವೃತ್ತಿಯ ಮೇಲೆ ಭಾವ ಊರಿನ ಸೇತುವೆಗಳ ಚರಿತ್ರೆ ಬರೆದರು. ಪುಸ್ತಕ ಅಚ್ಚಿನಲ್ಲಿರುವಾಗ ಗಂಟಲಲ್ಲಿ ಗಂಟು ಕಂಡಿತು. ಡಾಕ್ಟರು ಗಂಟಿನ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಪುಸ್ತಕ ಹೊರಬಂತು, ಮಾತು ಹೊರಡಲಿಲ್ಲ. ಈಗ ಕತ್ತಿಗೊಂದು ಬಟ್ಟೆ, ಕೈಗೊಂದು ಸ್ಲೇಟು.

ಪ್ರಕಾಶಕರು ಒಂದು ದಿನ ಬಂದು ಟೇಪುವನ್ನು ಆಪಾದಮಸ್ತಕ ನೋಡಿದರು. "ರೇಡಿಯೋದವರು ಹತ್ತು ನಿಮಿಷ ಕೊಡ್ತಾರೆ. ಲೇಖಕರೇ ಓದಿದ ಹಾಗಿದ್ರೆ ಪುಸ್ತಕ ತಾನೇ ನಡ್ಕೊಂಡು ಹೋಗುತ್ತೆ. ನೀವು ಅವರ ಹಾಗೇ ಮಾತಾಡ್ತೀರಂತೆ? ಅನುಕರಣೆ ಅಂತ ಕೊನೇಲಿ ಹೇಳಿಬಿಡೋಣ."

ಟೇಪು ಭಾವನ ಮುಖ ನೋಡಿದ. ಭಾವನ ಭುಜ ಕುಲುಕಿತು, ಸದ್ದಿಲ್ಲದ ನಗು. ಸ್ಲೇಟಿನಲ್ಲಿ ಬರೆದರು: 'ಸೇತುವೆ ದಾಟಿದರಷ್ಟೇ ಸಾಲದು, ಧಾಟಿಯೂ ಬೇಕು. ಕೆಮ್ಮು ಮರೀಬೇಡ.'

ಟೇಪು ಸ್ಟುಡಿಯೋಗೆ ಹೋಗಿ ಓದಿ, ರೆಕಾರ್ಡ್ ಮಾಡಿಸಿ ಬಂದ. ಭಾನುವಾರ ಬೆಳಿಗ್ಗೆ ಪ್ರಸಾರ. ಭಾವ ಕುರ್ಚಿಯಲ್ಲಿ, ಟೇಪು ಪಕ್ಕದ ಸ್ಟೂಲಿನ ಮೇಲೆ. "ಶುರುವಾದಾಗ ಕರೀರಿ" ಎಂದು ಅಕ್ಕ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಅವಳನ್ನು ಕರೆದದ್ದು ರೇಡಿಯೋ. ಒಂದು ಒಣ ಕೆಮ್ಮು, ಅಷ್ಟೇ.

"ಹಾಂ, ಬಂದೇರೀ," ಎಂದಳು ಅಕ್ಕ.

ಕೈತುಂಬ ಸೋಪಿನ ನೊರೆಯೊಂದಿಗೆ ಬಾಗಿಲಿಗೆ ಬಂದೇಬಿಟ್ಟಳು, ಮುಖದಲ್ಲಿ ಇನ್ನೇನು ಬೈಯುವ ಹಳೆಯ ಗೆಲುವು. ಗಂಡನ ಬಾಯಿ ಮುಚ್ಚಿತ್ತು. ಅಕ್ಕ ಅದನ್ನು ನೋಡಿದಳು, ರೇಡಿಯೋವನ್ನು ನೋಡಿದಳು, ಮತ್ತೆ ಅದೇ ಮುಚ್ಚಿದ ಬಾಯಿಯನ್ನು ನೋಡಿ ಒಳಗೆ ಹೋದಳು. ನಲ್ಲಿಯನ್ನು ಪೂರ್ತಿ ತಿರುಗಿಸಿದ ಸದ್ದು ಬಂತು. ಬಹಳ ಹೊತ್ತು ನೀರು ಹರಿಯಿತು.

ಭಾವ ರೇಡಿಯೋ ಆರಿಸಿದರು. ಬಳಪ ಮುರಿಯುವಷ್ಟು ಒತ್ತಿ ಬರೆದರು: 'ನನ್ನ ದನಿ ಸತ್ತಿದೆ. ಅದರ ದೆವ್ವ ಮನೇಲಿ ಓಡಾಡೋದು ಬೇಡ. ರೇಡಿಯೋದವರಿಗೆ ಹೇಳಿ ಅಳಿಸಿಸು. ಇನ್ನು ನಿನ್ನ ದನೀಲಿ ಓದು.'

"ಆಯ್ತು ಭಾವ," ಎಂದ ಟೇಪು. ಮಾರನೆಯ ದಿನವೇ ಹೋಗಿ ಅಳಿಸಿಸಿದ.

ಪ್ರಕಾಶಕರು ಪುಸ್ತಕದಂಗಡಿಯಲ್ಲೂ ಒಂದು ಓದು ಇಟ್ಟುಕೊಂಡಿದ್ದರು. ಅದರ ಹಿಂದಿನ ಸಂಜೆ ಅಕ್ಕ ಒಣಗಿದ ಬಟ್ಟೆ ಮಡಿಸುತ್ತ, ಅವನತ್ತ ನೋಡದೆ ಕೇಳಿದಳು: "ನಮ್ಮ ಕಾಲುಸೇತುವೆ ಪುಟ ಓದ್ತೀಯ?"

"ಹೂಂ ಅಕ್ಕ."

"ರೇಡಿಯೋದಲ್ಲಿ ಓದಿದ್ಯಲ್ಲ, ಹಾಗೇ ತಾನೇ?"

ಟೇಪು ಒಂದು ಕಾಲುಚೀಲದ ಜೋಡಿ ಹುಡುಕತೊಡಗಿದ.

"ನನ್ನ ಫೋನಲ್ಲಿ ಅವರ ದನಿ ಒಂದೂ ಇಲ್ಲ ಕಣೋ. ಪಕ್ಕದಲ್ಲೇ ಇರೋರನ್ನ ಯಾರು ರೆಕಾರ್ಡ್ ಮಾಡಿಟ್ಕೋತಾರೆ?" ಅಂಗಿಯ ಕಾಲರನ್ನು ಮತ್ತೆ ಮತ್ತೆ ಸರಿಮಾಡಿದಳು. "ಒಂದೇ ಒಂದ್ಸಲ. ಆಮೇಲೆ ಯಾವತ್ತೂ ಕೇಳಲ್ಲ."

ಭಾವ ಬೇಡ ಅಂದಿದ್ದಾರೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಅಷ್ಟೊಂದು ಬಾಯಿಗಳಿದ್ದವನಿಗೆ.

ಅಂಗಡಿಯಲ್ಲಿ ಕಪಾಟುಗಳನ್ನು ಗೋಡೆಗೆ ತಳ್ಳಿ ಮಡಚುವ ಕುರ್ಚಿ ಹಾಕಿದ್ದರು. ಪ್ರಕಾಶಕರು ಮೈಕಿಗೆ ಎರಡು ಬಾರಿ ತಟ್ಟಿ, ಅದು ಬದುಕಿದೆಯೆಂದು ಖಾತ್ರಿ ಮಾಡಿಕೊಂಡರು. ಮೊದಲ ಸಾಲಿನಲ್ಲಿ ಭಾವ, ತೊಡೆಯ ಮೇಲೆ ಪುಸ್ತಕ. ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ, ಅಕ್ಕ. ಮದುವೆಗೆ ಹೊರಟವಳಂತೆ ತಲೆ ಬಾಚಿಕೊಂಡಿದ್ದಳು.

ಟೇಪುವಿನ ಗಂಟಲ ತನಕ ಕೆಮ್ಮು ಬಂತು. ನುಂಗಿಕೊಂಡ. ಓದಲು ಶುರು ಮಾಡಿದ. ಹೊರಟದ್ದು ತೆಳ್ಳಗಿನ, ಬೋಳು ಬೋಳು ದನಿ. ಊರಿನವರೆಲ್ಲರ ದನಿ ರೂಢಿ ಮಾಡಿಕೊಂಡವನು ಇದೊಂದನ್ನು ಹಾಗೇ ಬಿಟ್ಟಿದ್ದ.

ಅಕ್ಕ ತಲೆ ಓರೆ ಮಾಡಿ ಕಾದಳು. ಕಾಲುಸೇತುವೆ ಬರಲಿ, ಆಗ ಮಾಡುತ್ತಾನೆ ಅಂದುಕೊಂಡಿರಬೇಕು. ಬಂತು.

"'ಈ ಸೇತುವೆ ಎಷ್ಟು ಇಕ್ಕಟ್ಟೆಂದರೆ, ಇಬ್ಬರು ಎದುರಾದರೆ ಒಬ್ಬರು ವಾಪಸು ಹೋಗಲೇಬೇಕು. ಒಂದು ಮಧ್ಯಾಹ್ನ ಎದುರಿಗೆ ಒಬ್ಬಳು ಹುಡುಗಿ ಬಂದಳು.'"

ಭಾವನ ಬೆರಳು ಸಾಲಿನ ಮೇಲೆ ಸರಿಯುತ್ತಿತ್ತು. ತುಟಿಗಳು ಒಂದಕ್ಷರ ಬಿಡದೆ ಜೊತೆಗೆ ಓದುತ್ತಿದ್ದವು. ಜೋಕು ಬರುವ ಮೊದಲೇ ಮೂಗು ಅರಳಿತು, ಸರಿಯಾಗಿ ಅದೇ ಜಾಗದಲ್ಲಿ. ಅದೆಲ್ಲ ಕಂಡದ್ದು ಟೇಪುವಿಗೆ. ಹಿಂದೆ ಕೂತ ಅಕ್ಕನಿಗೆ ಕಂಡದ್ದು ಗಂಡನ ಬೆನ್ನು ಮಾತ್ರ.

"'ನಾನು ಹೋಗಲಿಲ್ಲ.'"

ಅಕ್ಕ ಎದ್ದಳು. ಕುರ್ಚಿ ಕಿರುಗುಟ್ಟದಂತೆ ಕೈಯಲ್ಲಿ ಹಿಡಿದು, ಚೀಲ ಹೆಗಲಿಗೇರಿಸಿ, ಗಾಜಿನ ಬಾಗಿಲಿಗೆ ಕೈ ಇಟ್ಟಳು. ಒಂದು ಒಣ ಕೆಮ್ಮು ಸಾಕಿತ್ತು. ತಿರುಗುತ್ತಿದ್ದಳು, 'ಬಂದೇರೀ' ಅನ್ನುತ್ತಿದ್ದಳು. ಅದು ಟೇಪುವಿನ ನಾಲಗೆಯ ಹಿಂದೆಯೇ ನಿಂತಿತ್ತು.

ದನಿ ನಿಂತದ್ದರಿಂದ ಭಾವನ ಬೆರಳೂ ನಿಂತಿತು. ಅವರು ತಲೆಯೆತ್ತಿ ಟೇಪುವನ್ನು ನೋಡಿದರು. ಓದು ಎಂಬಂತೆ ಹುಬ್ಬು ಹಾರಿಸಿ, ಮುಂದಿನ ಸಾಲಿನ ಮೇಲೆ ಬೆರಳಿಟ್ಟು ಕಾದರು.

ಬಾಗಿಲು ತೆರೆದು ಬೀದಿಯ ಸದ್ದು ಒಳಬಂತು. ಮುಚ್ಚಿತು.

"'ಅವಳೂ ಹೋಗಲಿಲ್ಲ,'" ಎಂದು ಓದಿದ ಟೇಪು, ತನ್ನದೇ ದನಿಯಲ್ಲಿ.