ಎಲೆ ಹಾಕುವ ಕೈ

ಮತ್ತೆ ಆ ಅಂಗೈಗಳು — ಒಮ್ಮೆ ಮೆಲ್ಲಗೆ ತಟ್ಟಿಕೊಂಡು, ಬೆರಳು ಬಿಡಿಸಿ, ಮೇಲಕ್ಕೆ ತಿರುಗಿ, ಕೆಳಕ್ಕೆ ತಿರುಗಿ, ನೋಡಿ ನನ್ನ ಹತ್ತಿರ ಏನೂ ಇಲ್ಲ ಎಂದು ಹಸಿರು ಬಟ್ಟೆಯ ಮೇಜಿಗೆ ತೋರಿಸುತ್ತವೆ, ಅದು ಇಸ್ಪೀಟು ಹಂಚುವವರ ಕಟ್ಟಳೆಯಂತೆ, ಮೇಜಿನಿಂದ ಕೈ ತೆಗೆಯುವ ಮೊದಲು ಪಂದ್ಯಕ್ಕಿಡುವ ಬಿಲ್ಲೆ ಬಚ್ಚಿಟ್ಟುಕೊಂಡಿಲ್ಲವೆಂದು ತೋರಿಸಬೇಕಂತೆ, ತೋರಿಸಲಿ, ಯಾರು ಬೇಡ ಅಂದರು, ಆದರೆ ಅಷ್ಟು ಚೆಂದವಾಗಿ ಯಾಕೆ ತೋರಿಸಬೇಕು, ಗಂಗಾಧರ ಕಂಬಕ್ಕೆ ಒರಗಿ, ಒಣದ್ರಾಕ್ಷಿ ಬಾದಾಮಿ ಹಾಕಿದ ಬಿಸಿ ಗ್ಲೊಗ್ ವೈನು ಹೀರಲು ಹೋಗಿ ನಾಲಿಗೆ ಸುಟ್ಟುಕೊಂಡ — ಮನೆಯಲ್ಲೂ ವೈದೇಹಿ ಹಾಗೇ, ಅನ್ನ ಬಡಿಸಿ ಸೌಟು ಇಟ್ಟವಳೇ ಕೈ ತಟ್ಟಿ ಅಂಗೈ ತೋರಿಸಿಬಿಡುತ್ತಾಳೆ, ಅಭ್ಯಾಸಬಲ, ಮೊದಲ ಸಲ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು, ಈಗ ನಗು ಬರುತ್ತಿಲ್ಲ. ಅವನದೇ ಆಫೀಸಿನ ಕ್ರಿಸ್ಮಸ್ ಪಾರ್ಟಿ, ಸ್ವೀಡನ್ನಿನ ಲಿಂಕೋಪಿಂಗ್ ಊರಿನ ಹೋಟೆಲೊಂದರ ಹಾಲ್, ಕಿಟಕಿಯಾಚೆ ಮಧ್ಯಾಹ್ನಕ್ಕೇ ಕತ್ತಲು, ಈ ಸಲ ದುಡ್ಡಿಲ್ಲದ ಆಟದ ಕ್ಯಾಸಿನೊ ತರಿಸುತ್ತೇವೆ ಎಂದು ಮೆಸೇಜು ಬಂದಾಗ ಮೊದಲು ಲೈಕ್ ಒತ್ತಿದವನೇ ಇವನು, ಮೇಜು ತರುವ ಆ ಕಂಪನಿಯಲ್ಲೇ ವೈದೇಹಿಗೆ ಕೆಲಸವೆಂದು ಗೊತ್ತಿದ್ದೇ ಒತ್ತಿದ್ದ, ನನ್ನ ಹೆಂಡತಿಯನ್ನು ಎಲ್ಲರೂ ನೋಡಲಿ ಎಂದು — ನೋಡುತ್ತಿದ್ದಾರಲ್ಲ, ಕಣ್ಣು ತುಂಬ ನೋಡುತ್ತಿದ್ದಾರೆ. ಇವನು ಮಾತ್ರ ಅಲ್ಲಿ ಕೂರುವಂತಿಲ್ಲ, ಮನೆಯವರು ಅವಳ ಮೇಜಿಗೆ ಬರಬಾರದಂತೆ, ಬಿಲ್ಲೆ ಬರೀ ಪ್ಲಾಸ್ಟಿಕ್ಕಾದರೂ ನಿಯಮ ನಿಯಮವೇ, ಬರುವಾಗ ಬಸ್ಸಿನಲ್ಲೇ ಹೇಳಿದ್ದಳು, ರೀ, ನೀವು ನನ್ನ ಟೇಬಲ್‌ಗೆ ಬರಂಗಿಲ್ಲ ಆಯ್ತಾ, ಬೇರೆ ಕಡೆ ಆಡ್ಕೊಳ್ಳಿ, ಹೇಳುವಾಗ ನಕ್ಕಿದ್ದಳು, ಯಾಕೆ ನಗಬೇಕಿತ್ತು.

ಕೂತವನು ವಲೇರಿಯನ್, ಟೆಸ್ಟಿಂಗ್ ಟೀಮಿನವನು, ಉಡುಪಿ ಕಡೆಯವನು, ಇಸ್ತ್ರಿ ಮುರಿಯದ ಅಂಗಿ, ಕಲಸಿದ ಕಟ್ಟನ್ನು ಎಲ್ಲಿ ಒಡೆಯಬೇಕೆಂದು ನಡುವೆ ಸಿಕ್ಕಿಸುವ ಹಳದಿ ಎಲೆಯನ್ನು ವೈದೇಹಿ ಅವನ ಕೈಗೇ ಕೊಟ್ಟಳು, ಅವನಿಗೇ ಯಾಕೆ, ಅಕ್ಕಪಕ್ಕ ಇಬ್ಬರು ಸ್ವೀಡಿಷರು ಕೂತಿದ್ದಾರಲ್ಲ, ಅವರಿಗೆ ಕೈಯಿಲ್ಲವೇ — ಮತ್ತೆ ಕಥೆ ಬೇರೆ ಹೇಳುತ್ತಾಳೆ, ಇಂಗ್ಲಿಷಿಗೆ ಸ್ವೀಡಿಷ್ ಬೆರೆಸಿ, ಈ ಆಟ ಮೊದಲು ಫ್ರಾನ್ಸಿನವರ ಇಪ್ಪತ್ತೊಂದು, ಅಮೆರಿಕಕ್ಕೆ ಹೋಗಿ ಬ್ಲ್ಯಾಕ್‌ಜಾಕ್ ಆಯಿತು, ಎಲೆಗಳು ಅದಕ್ಕೂ ಮೊದಲೇ ಪೂರ್ವದಿಂದ ಬಂದವು, ಬಂದಾಗ ಕಟ್ಟಿನಲ್ಲಿ ರಾಣಿಯೇ ಇರಲಿಲ್ಲ, ರಾಜನ ಪಕ್ಕ ಅವಳನ್ನು ಕೂರಿಸಿದ್ದು ನಿಮ್ಮ ಯುರೋಪಿನವರು, ಎನ್ನುತ್ತ ಆಟೀನ್ ರಾಣಿಯನ್ನು ತಂದು ವಲೇರಿಯನ್ ಎದುರಿಗೇ ಇಟ್ಟಳು. ಎಲೆ ತಾನಾಗಿ ಬಂದದ್ದು ಎಂದು ಗಂಗಾಧರನಿಗೂ ಗೊತ್ತು, ಆದರೂ ಹೊಟ್ಟೆ ಉರಿಯಿತು. ಪೋಕರಿನಲ್ಲಿ ಎದುರಿನವರ ಮುಖ ಓದಬೇಕು, ಇಲ್ಲಿ ಅದೇನೂ ಬೇಡ, ಇನ್ನೊಂದು ಬೇಕಾ, ಸಾಕಾ, ಅಷ್ಟೇ, ಆದರೆ ಸಾಕು ಅನ್ನೋದೇ ಎಲ್ಲಕ್ಕಿಂತ ಕಷ್ಟ, ಅದಕ್ಕೇ ಜನ ಈ ಮೇಜು ಬಿಟ್ಟು ಏಳೋದಿಲ್ಲ, ಎಂದು ಅವಳು ಹೇಳಿದಾಗ ಎಲ್ಲರೂ ನಕ್ಕರು, ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಉತ್ತರ ಬಾರದೆ ಮೂಲೆ ಹಿಡಿದು ಕೂತಿದ್ದವಳು ಇವಳೇನಾ, ಸ್ವೀಡಿಷ್ ಬರಲ್ಲ ರೀ ನಂಗೆ ಎಂದು ಅಂಗಡಿಯಲ್ಲಿ ಇವನ ಬೆನ್ನ ಹಿಂದೆ ನಿಲ್ಲುತ್ತಿದ್ದವಳು, ಈಗ ಬೆರಳ ತುದಿಯಲ್ಲೇ ಎಲ್ಲರ ಹತ್ತಿರ ಮಾತಾಡುತ್ತಾಳೆ. ತರಬೇತಿಯ ದಿನಗಳಲ್ಲಿ ಊಟದ ಮೇಜಿಗೆ ಹಸಿರು ಟವೆಲ್ ಹಾಸಿ ಕರೆದಿದ್ದಳಲ್ಲ, ರೀ, ಸ್ವಲ್ಪ ಗಿರಾಕಿ ಥರ ಕೂತ್ಕೊಳ್ಳಿ, ಇರು ಮಾರಾಯ್ತಿ, ಆಫೀಸ್ ಕಾಲ್ ಇದೆ, ಇವನಿಗೆ ದಿನಾ ಕಾಲ್ ಇತ್ತು, ಅವಳು ಖಾಲಿ ಕುರ್ಚಿಗಳಿಗೆ ಎಲೆ ಹಾಕಿದಳು, ಕುರ್ಚಿಗಳ ಪರವಾಗಿ ತಾನೇ ಬೇಕು ಸಾಕು ಅಂದುಕೊಂಡಳು, ಅದೆಲ್ಲ ಈಗ್ಯಾಕೆ — ಅಷ್ಟರಲ್ಲಿ ವಲೇರಿಯನ್ ಕೇಳಿದ, ಎಂತ ವೈದೇಹಿ, ನಮ್ಮ ಕಡೆಯ ಆಟ ಒಂದೂ ಇಲ್ವಾ, ಅವಳು, ಇದೆ, ಅಂದರ್ ಬಾಹರ್, ಬೆಂಗಳೂರಿನ ಕಡೇದು ಅಂತಾರೆ, ಈಗ ಇಲ್ಲಿನ ಆನ್‌ಲೈನ್ ಕ್ಯಾಸಿನೊಗಳಲ್ಲೂ ಬಂದಿದೆ, ಎಂದು ನಡುವೆ ಒಂದು ಎಂಟು ಬಿಚ್ಚಿಟ್ಟು, ಎಡಕ್ಕೊಂದು ಬಲಕ್ಕೊಂದು ಎಲೆ ಹಾಕತೊಡಗಿದಳು, ಇನ್ನೊಂದು ಎಂಟು ಯಾವ ಕಡೆ ಬೀಳುತ್ತೋ ಆ ಕಡೆಯವರು ಗೆದ್ದ ಹಾಗೆ — ಅಯ್ಯೋ, ಅದು ನಾನು ಕಲಿಸಿದ್ದು, ಮದುವೆಯಾದ ವರ್ಷದ ದೀಪಾವಳಿ, ದಾವಣಗೆರೆಯ ಮನೆಯ ಜಮಖಾನ, ದುಡ್ಡಿಟ್ಟರೆ ಅತ್ತೆ ಬೈತಾರೆ ಎಂದು ಹುಣಸೆ ಬೀಜ ಇಟ್ಟು ಆಡಿದ್ದು, ಗೆದ್ದ ಬೀಜಗಳನ್ನು ಅವಳು ಸೆರಗಿನಲ್ಲಿ ಗಂಟು ಹಾಕಿಕೊಂಡದ್ದು, ಎಲೆ ಹಿಡಿಯಲು ಬಾರದ ಆ ಬೆರಳುಗಳನ್ನು ಇವನೇ ಒಂದೊಂದಾಗಿ ಮಡಚಿ ಕೂರಿಸಿದ್ದು, ಆ ಬೆರಳೇ ಇವು, ನಾವು ಇದನ್ನ ಹುಣಸೆ ಬೀಜ ಇಟ್ಟು ಆಡ್ತಿದ್ವಿ, ಎಂದು ಅದನ್ನೂ ಹೇಳಿಬಿಟ್ಟಳು, ನಾವು ಅಂದಳೇ ಹೊರತು ಯಾರ ಜೊತೆ ಎನ್ನಲಿಲ್ಲ, ಕಂಬದ ಕಡೆ ತಿರುಗಿಯೂ ನೋಡಲಿಲ್ಲ.

ಅವಳ ಮೊದಲ ಸರದಿ ಮುಗಿದು ಬಿಡುವಾಯಿತು, ತಟ್ಟಿ, ಮೇಲೆ, ಕೆಳಗೆ, ಮೇಜನ್ನು ಇನ್ನೊಬ್ಬಳಿಗೆ ಬಿಟ್ಟು ಕಾಫಿ ಹಿಡಿದು ಇವನ ಹತ್ತಿರವೇ ಬಂದಳು, ಕೆನ್ನೆ ಕೆಂಪಾಗಿತ್ತು, ಹೆಂಗಿತ್ತು ರೀ, ಇವನು ಹೇಳಬೇಕೆಂದುಕೊಂಡದ್ದು ಬೇರೆ, ಬಾಯಿಂದ ಬಂದದ್ದು ಬೇರೆ, ಅದು ನಮ್ಮ ಮನೆ ಆಟ ಕಣೆ, ಅವನಿಗ್ಯಾಕೆ ಹೇಳ್ಕೊಟ್ಟೆ, ಅವಳಿಗೆ ಅರ್ಥವಾಗಲಿಲ್ಲ, ಯಾರಿಗೆ, ವಲೇರಿಯನ್‌ಗಾ, ಆಮೇಲೆ ಅರ್ಥವಾಯಿತು, ಕೆನ್ನೆಯ ಕೆಂಪು ಇಳಿಯಿತು, ಯಾರು ಬಂದು ಕೂತ್ಕೋತಾರೋ ಅವರಿಗೆ ಎಲೆ ಹಾಕ್ತೀನಿ ರೀ, ಅಷ್ಟೇ, ಎಂದಳು, ಸಿಟ್ಟಿಲ್ಲದೆ, ಸಿಟ್ಟಿದ್ದರಾದರೂ ಚೆನ್ನಾಗಿತ್ತು. ಹಸಿರು ಟವೆಲ್, ಖಾಲಿ ಕುರ್ಚಿ, ಇರು ಮಾರಾಯ್ತಿ — ಮನೆಗೆ ಹೋಗಿ ನಂಗೂ ಒಂದಾಟ ಹಾಕ್ತೀಯಾ, ನಾನು ಕೂತ್ಕೋತೀನಿ, ಫೋನ್ ಆಫ್ ಮಾಡಿ ಕೂತ್ಕೋತೀನಿ, ಎಂದ, ಅವಳು ಲೋಟ ಕೆಳಗಿಟ್ಟು ಅವನನ್ನೇ ನೋಡಿದಳು, ಹೂಂ ಎನ್ನುತ್ತಾಳೋ, ಉಹೂಂ ಎನ್ನುತ್ತಾಳೋ, ಏನಾದರೂ ಅನ್ನಲಿ, ಮೇಜಿನಿಂದ ಯಾರೋ ವೈದೇಹಿ ಎಂದು ಕರೆದರು, ಬಂದೆ ಎಂದು ಅತ್ತ ಹೊರಟವಳ ಕೈಗಳು ಇವನ ಎದೆಯ ಮುಂದೆಯೇ ಒಮ್ಮೆ ತಟ್ಟಿಕೊಂಡವು, ಬೆರಳು ಬಿಡಿಸಿಕೊಂಡವು, ಅಭ್ಯಾಸಬಲ, ಬರೀ ಅಭ್ಯಾಸಬಲ, ಅಲ್ಲವಾ — ಮೇಲಕ್ಕೆ ತಿರುಗಿದ ಅಂಗೈಗಳು, ಕೆಳಕ್ಕೆ ತಿರುಗಿದ ಅಂಗೈಗಳು, ಏನೂ ಇಲ್ಲ, ಅಂಗೈಗಳು, ಏನೂ ಇಲ್ಲ