ಎರಡು ದಿನದ ಗಡುವು

ಸೋಮವಾರ ಊಟದ ಬಿಡುವಿನಲ್ಲಿ ನೋಡಿದರೆ ಕೋಳಿ ಮಾಂಸದ ಕಾರ್ಖಾನೆಯ ಎರಡು ಲಾಕರುಗಳ ಬೀಗ ಒಡೆದಿತ್ತು. ಒಂದು ಲಿಜೋನಳದು, ಇನ್ನೊಂದು ಮೇಸ್ತ್ರಿ ಡ್ವೇನನದು. ಇಬ್ಬರ ಪರ್ಸೂ ಹೋಗಿತ್ತು. ಲಿಜೋನಳ ಫೋನೂ ಇರಲಿಲ್ಲ. ಅವಳ ಪರ್ಸಿನಲ್ಲಿದ್ದದ್ದು ಡೆಬಿಟ್ ಕಾರ್ಡು. ಪೆಸಿಫಿಕ್ ಸಾಗರದ ಮಜುರೋ ದ್ವೀಪದಲ್ಲಿ ಬಿಟ್ಟುಬಂದ ಮಗಳನ್ನು ಅಮೆರಿಕದ ಅರ್ಕನ್ಸಾಗೆ ಕರೆಸಿಕೊಳ್ಳಲು ಕೂಡಿಟ್ಟ ದುಡ್ಡೆಲ್ಲ ಆ ಖಾತೆಯಲ್ಲಿತ್ತು.

“ಸಾರ್, ಅರ್ಧ ಗಂಟೆ ಬಿಡಿ. ಬ್ಯಾಂಕಿಗೆ ಹೇಳಿ ಬಂದ್ಬಿಡ್ತೀನಿ,” ಎಂದು ಲಿಜೋನ್ ಡ್ವೇನನನ್ನು ಕೇಳಿದಳು.

“ನಿನಗೋಸ್ಕರ ಕೋಳಿ ಸಾಗೋ ಬೆಲ್ಟ್ ನಿಲ್ಲಿಸ್ಲಾ? ಹೋಗೋದಾದ್ರೆ ಹೋಗು. ವಾಪಸ್ ಬರ್ಬೇಡ.”

“ಆಫೀಸಿನ ಫೋನಾದ್ರೂ...”

“ಅದು ಕೆಲಸದೋರಿಗಲ್ಲ.”

ಮಂಗಳವಾರ ಕೇಳಿದಳು. ಬುಧವಾರವೂ ಕೇಳಿದಳು. ಕೆಲಸ ಬಿಡುವ ಹೊತ್ತಿಗೆ ಬ್ಯಾಂಕ್ ಮುಚ್ಚಿರುತ್ತಿತ್ತು. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ನಿಂತು ಅನ್ನಕ್ಕೆ ಡಬ್ಬಿ ಮೀನು ಕಲಸಿ ತಿಂದಳು. ಗೋಡೆಯಾಚೆ ಯಾರದೋ ಟೀವಿ ಕೂಗುತ್ತಿತ್ತು. ಬಾಗಿಲು ತಟ್ಟುವಷ್ಟು ಪರಿಚಯದವರು ಒಬ್ಬರೂ ಇರಲಿಲ್ಲ.

ಶುಕ್ರವಾರ ರಜೆ. ಬ್ಯಾಂಕಿಗೆ ಓಡಿದಳು. ಹಿಂದಿನ ದಿನವೇ ಕಳ್ಳ ಅಂಗಡಿಗಳಲ್ಲಿ ಕಾರ್ಡುಜ್ಜಿ ಆರುನೂರು ಡಾಲರ್ ಖರ್ಚು ಮಾಡಿದ್ದ.

“ಕಳುವು ಗೊತ್ತಾದ ಎರಡು ದಿನದೊಳಗೆ ತಿಳಿಸಿದ್ರೆ ಹೆಚ್ಚೆಂದ್ರೆ ಐವತ್ತು ನಿಮ್ಮ ತಲೆಗೆ ಬರ್ತಿತ್ತು,” ಎಂದಳು ಗುಮಾಸ್ತೆ. “ಈಗ ಐನೂರು ನಿಮ್ಮದೇ.”

“ನಮ್ಮ ಮೇಸ್ತ್ರಿದೂ ಅವತ್ತೇ ಹೋಗಿದ್ದು. ನಿನ್ನೆ ತಿಳಿಸಿದ್ರಂತೆ. ಅವ್ರಿಗೆ ಒಂದು ಸೆಂಟೂ ಹೋಗಿಲ್ವಂತೆ!”

“ಅವರದು ಕ್ರೆಡಿಟ್ ಕಾರ್ಡಿರಬೇಕು. ಅದ್ರಲ್ಲಿ ಹೋಗೋದು ಬ್ಯಾಂಕಿನ ದುಡ್ಡು. ನಿಮ್ಮದ್ರಲ್ಲಿ ಹೋಗೋದು ನಿಮ್ಮ ದುಡ್ಡು.”

“ನಾನೂ ಅದನ್ನೇ ಕೇಳಿದ್ದೆ. ನೀವು ಕೊಡ್ಲಿಲ್ಲ.”

“ಸಾಲ ಮಾಡಿ ತೀರಿಸಿದ ದಾಖಲೆ ಇಲ್ವಲ್ಲಮ್ಮ ನಿಮ್ಮದು.”

“ಯಾರ ಹತ್ರಾನೂ ಕೈ ಚಾಚಿಲ್ಲ. ಅದೇ ತಪ್ಪಾಯ್ತಾ?”

ಗುಮಾಸ್ತೆ ದನಿ ತಗ್ಗಿಸಿದಳು. “ರಜೆ ಕೊಡ್ದೆ ತಡವಾಯ್ತು ಅಂತ ಮೇಸ್ತ್ರಿ ಹತ್ರಾನೋ, ಕಂಡೋರ ಹತ್ರಾನೋ ಬರೆಸ್ಕೊಂಡು ಬನ್ನಿ. ಗಡುವು ಸಡಿಲಿಸೋಕೆ ದಾರಿಯಿದೆ.”

ಮರುದಿನ ಬೆಲ್ಟಿನ ಬಳಿ ಲಿಜೋನ್ ಹಾಗೆಂದು ಬರೆದ ಕಾಗದವನ್ನು ಸಹಿಗಾಗಿ ಡ್ವೇನನತ್ತ ಚಾಚಿದಳು. ಡ್ವೇನ್ ನಕ್ಕ. “ನನ್ನ ಕೊರಳಿಗೆ ನಾನೇ ಹಗ್ಗ ಹಾಕ್ಕೋಬೇಕಾ? ಹೋಗ್, ಕತ್ತಿ ಹಿಡಿ.”

ಲಿಜೋನ್ ಕತ್ತಿ ಹಿಡಿಯಲಿಲ್ಲ. ಕಾಗದ ಹಿಡಿದು ನಿಂತೇ ಇದ್ದಳು. ಕೊಯ್ಯದ ಕೋಳಿಗಳು ಮುಂದೆ ಸಾಗಿದವು.

ಪಕ್ಕದವಳು ಕೈಗವಸು ಬಿಚ್ಚಿದಳು. ಎರಡು ವರ್ಷ ಮೊಣಕೈಗೆ ಮೊಣಕೈ ತಾಗಿಸಿ ದುಡಿದವಳು. ಯಂತ್ರದ ಸದ್ದಿನಲ್ಲಿ ಇಬ್ಬರೂ ಎಂದೂ ಮಾತಾಡಿರಲಿಲ್ಲ. ಮುಖಗವಸಿನ ಮೇಲಿನ ಕಣ್ಣಷ್ಟೇ ಪರಿಚಯ.

“ಕೊಡಿಲ್ಲಿ,” ಕಿವಿಯ ಹತ್ತಿರ ಬಂದು ಕೂಗಿದಳು. “ಊಟದ ಹೊತ್ತಲ್ಲಿ ಮೂರು ದಿನಾನೂ ನೀನು ಬೇಡ್ಕೊಂಡಿದ್ದು ನನ್ನ ಕಿವಿಗೆ ಬಿದ್ದಿದೆ.”

“ಕೆಲಸದಿಂದ ತೆಗೀತಾನೆ ಕಣೇ.”

“ತೆಗೀಲಿ.”

ಒದ್ದೆ ಬೆರಳಲ್ಲೇ ಸಹಿ ಹಾಕಿದಳು. ಡ್ವೇನ್ ಅರಚುತ್ತಾ ಬರುತ್ತಿದ್ದ. ಲಿಜೋನ್ ಅತ್ತ ನೋಡಲಿಲ್ಲ. ಸಹಿ ಓದಿದಳು: ಎಲ್ವಿರಾ ಮೆಹಿಯಾ.

“ಎಲ್ವಿರಾ,” ಎಂದು ಕರೆದಳು, ಮೊದಲ ಸಲ.

ಬೆಲ್ಟಿನಾಚೆ ಇನ್ನೊಬ್ಬಳು ಕತ್ತಿ ಕೆಳಗಿಟ್ಟು ಕೈಗವಸು ಬಿಚ್ಚತೊಡಗಿದ್ದಳು.